ದೇವರ ಕೃಪೆ ನಮಗೆ ಸದರ ಆಗಿಬಿಟ್ಟಿದೆಯಾ?

ದಾರಿಹೋಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಹೋದ ವಾರ ನಮ್ಮ ಸಭೆಯಲ್ಲಿ ಒಬ್ಬ ಹುಡುಗ, ಹದಿನೇಳು ವರ್ಷ ಇರಬಹುದು, ನನ್ನನ್ನು ಒಂದು ಪ್ರಶ್ನೆ ಕೇಳಿದ. "ಅಂಕಲ್, ದೇವರು ಹೇಗಿದ್ದರೂ ಕ್ಷಮಿಸುತ್ತಾನೆ ಅಲ್ವಾ? ಹಾಗಿದ್ದ ಮೇಲೆ ತಪ್ಪು ಮಾಡೋದಕ್ಕೆ ಅಷ್ಟೊಂದು ಯಾಕೆ ಹೆದರಬೇಕು?" ಸುತ್ತ ಇದ್ದವರು ನಕ್ಕರು. ಅವನು ತಮಾಷೆಗೆ ಕೇಳಿರಲಿಲ್ಲ. ನನಗೂ ನಗು ಬರಲಿಲ್ಲ. ಅವನು ಬಾಯಿಬಿಟ್ಟು ಕೇಳಿದ್ದನ್ನು ನಾನು ಬಾಯಿ ಮುಚ್ಚಿಕೊಂಡು ಮಾಡಿದ್ದೆ.

ಒಂಬತ್ತು ವರ್ಷದ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಲೆಕ್ಕ ತಪ್ಪಾಯಿತು. ಬರೆದವನು ನನ್ನ ಕೈ ಕೆಳಗಿದ್ದ ಹುಡುಗ. ಪ್ರತಿ ಪುಟ ನೋಡಿ ಸಹಿ ಹಾಕಬೇಕಾದವನು ನಾನು. ನಾನು ನೋಡಿರಲಿಲ್ಲ, ಸುಮ್ನೆ ಸಹಿ ಹಾಕುತ್ತಾ ಹೋಗಿದ್ದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಆ ಹುಡುಗ ಒಂದು ತಿಂಗಳು ಮೊದಲೇ ಬಂದು "ಸರ್, ಇಲ್ಲಿ ಯಾಕೋ ತಾಳೆ ಆಗ್ತಿಲ್ಲ" ಅಂದಿದ್ದ. "ಆಮೇಲೆ ನೋಡೋಣ ಬಿಡು" ಅಂದಿದ್ದೆ. ವಿಚಾರಣೆ ಬಂತು. ತಪ್ಪು ಯಾರಿಂದ ಆಯಿತು ಅಂತ ಬರೆದುಕೊಡಿ ಅಂದರು. ನಾನು ಅವನ ಹೆಸರು ಬರೆದೆ. ಮೊದಲೇ ತಿಳಿಸಿರಲಿಲ್ಲ ಅಂತಲೂ ಬರೆದೆ.

ಸಹಿ ಹಾಕುವ ಮುಂಚೆ ಕೈ ನಿಂತಿತು. ಪೆನ್ನಿನ ಮುಚ್ಚಳ ಎಡಗೈಯಲ್ಲಿತ್ತು. ಕಣ್ಣು ಮುಚ್ಚಿಕೊಂಡೆ. "ಕರ್ತನೇ, ನನ್ನ ಪರಿಸ್ಥಿತಿ ನಿನಗೆ ಗೊತ್ತು, ಕ್ಷಮಿಸು" ಅಂದೆ. ಕಣ್ಣು ಬಿಟ್ಟೆ, ಸಹಿ ಹಾಕಿದೆ.

ಗಮನಿಸಿ, ತಪ್ಪು ಮಾಡಿ ಆಮೇಲೆ ಕ್ಷಮೆ ಕೇಳಿದ್ದಲ್ಲ. ಕ್ಷಮೆಯನ್ನು ಮುಂಗಡ ತೆಗೆದುಕೊಂಡು ಆಮೇಲೆ ತಪ್ಪು ಮಾಡಿದೆ. ಆ ಪ್ರಾರ್ಥನೆ ಇಲ್ಲದಿದ್ದರೆ ಬಹುಶಃ ನನ್ನ ಕೈ ಸಹಿ ಹಾಕುತ್ತಿರಲಿಲ್ಲ. ಯಾವುದು ನನ್ನನ್ನು ತಡೆಯಬೇಕಿತ್ತೋ ಅದನ್ನೇ ಮೆಟ್ಟಿಲು ಮಾಡಿಕೊಂಡು ಇಳಿದೆ. ಆ ವರ್ಷ ಅವನಿಗೆ ಬರಬೇಕಿದ್ದ ಬಡ್ತಿ ನಿಂತುಹೋಯಿತು.

ಅವತ್ತು ಸಂಜೆ ಪ್ರಾರ್ಥನಾ ಕೂಟ ಇತ್ತು. ಹೋದೆ. ಹಾಡಿದೆ. ಮನಸ್ಸು ಹಗುರ ಇತ್ತು. ಈಗ ನೆನೆಸಿಕೊಂಡರೆ ಸುಳ್ಳು ಬರೆದದ್ದಕ್ಕಿಂತ ಆ ಹಗುರವೇ ಜಾಸ್ತಿ ಭಯ ಹುಟ್ಟಿಸುತ್ತೆ. ಅದನ್ನು ದೇವರು ಕೊಟ್ಟ ಸಮಾಧಾನ ಅಂದುಕೊಂಡಿದ್ದೆ. ಒಳಗೆ ಏನೋ ಒಂದು ಮರಗಟ್ಟಿತ್ತು, ಅಷ್ಟೇ. ಮರಗಟ್ಟಿದ ಕೈಗೂ ನೋವು ಇರೋದಿಲ್ಲ ಅಲ್ವಾ.

ಬೈಬಲಿನ ಬಲಶಾಲಿ ಸಂಸೋನನ ಕಥೆ ಎಲ್ಲರಿಗೂ ಗೊತ್ತು. ತನ್ನ ಬಲದ ಗುಟ್ಟು ಕೇಳಿದ ದೆಲೀಲಳ ಹತ್ತಿರ ಮೂರು ಸಲ ಸುಳ್ಳು ಹೇಳಿ ತಪ್ಪಿಸಿಕೊಂಡ. ನಾಲ್ಕನೇ ಸಲ, ಕೂದಲು ತೆಗೆದರೆ ಬಲ ಹೋಗುತ್ತೆ ಅಂತ ನಿಜ ಹೇಳಿಬಿಟ್ಟ. ಎದ್ದವನು, ಹಿಂದಿನಂತೆಯೇ ಕೊಡವಿಕೊಂಡು ಹೋಗುತ್ತೇನೆ ಅಂದುಕೊಂಡ. ಯೆಹೋವನು ತನ್ನನ್ನು ಬಿಟ್ಟುಹೋಗಿದ್ದು ಅವನಿಗೆ ಗೊತ್ತಾಗಲಿಲ್ಲ ಅಂತ ನ್ಯಾಯಸ್ಥಾಪಕರು 16:20ರಲ್ಲಿ ಇದೆ. ಕೂದಲು ಹೋಗಿದ್ದು, ಕಣ್ಣು ಹೋಗಿದ್ದು ಎಲ್ಲಾ ನಮಗೆ ನೆನಪಿರುತ್ತೆ. ಗೊತ್ತಾಗಲಿಲ್ಲ ಅನ್ನುವ ಆ ಒಂದು ಮಾತನ್ನು ಮಾತ್ರ ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ.

ನನ್ನ ಮಾತು ಇಷ್ಟೇ. ಕೃಪೆ ಸದರ ಆದರೆ ದೇವರು ಕ್ಷಮಿಸೋದು ನಿಲ್ಲಿಸಿಬಿಡುತ್ತಾನೆ ಅನ್ನೋದು ನನ್ನ ಭಯ ಅಲ್ಲ. ಕ್ಷಮೆ ಬೇಕು ಅಂತ ಅನ್ನಿಸೋದೇ ನಮ್ಮಲ್ಲಿ ನಿಂತುಹೋಗುತ್ತೆ. ಬಾಯಿ ಕೇಳುತ್ತಿರುತ್ತೆ, ಒಳಗಿನವನು ಕೇಳುತ್ತಿರೋದಿಲ್ಲ.

ಆ ಹದಿನೇಳರ ಹುಡುಗನಿಗೆ ಏನು ಹೇಳಲಿ? ನಿಮಗೆ ಹೀಗೆ ಆಗಿದೆಯಾ? ತಿಳಿದವರು ಬರೆಯಿರಿ.

ಹಳೇಪುಟ:

ಅಣ್ಣಾ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಇಷ್ಟು ಬಿಚ್ಚಿ ಬರೆದದ್ದಕ್ಕೆ ಥ್ಯಾಂಕ್ಸ್.

ಇದು ಒಬ್ಬೊಬ್ಬರಿಗೆ ಮಾತ್ರ ಬರುವ ಕಾಯಿಲೆ ಅಲ್ಲ, ಒಂದಿಡೀ ಜನಾಂಗಕ್ಕೆ ಬರುತ್ತೆ. 1 ಸಮುವೇಲ 4ನೇ ಅಧ್ಯಾಯ ತೆಗೆಯಿರಿ. ಫಿಲಿಷ್ಟಿಯರ ಜೊತೆ ಯುದ್ಧ. ಮೊದಲನೇ ಸಲ ಇಸ್ರಾಯೇಲ್ಯರು ಸೋತರು, ಸುಮಾರು 4,000 ಜನ ಸತ್ತರು. ಯಾಕೆ ಸೋತೆವು ಅಂತ ಹಿರಿಯರು ಕೇಳಿಕೊಂಡರು, ಅದು ಒಳ್ಳೆಯ ಪ್ರಶ್ನೆ. ಆದರೆ ಉತ್ತರಕ್ಕೆ ಕಾಯಲಿಲ್ಲ. ಶೀಲೋ ಅನ್ನುವ ಊರಿನಿಂದ ಒಡಂಬಡಿಕೆಯ ಮಂಜೂಷ, ಅಂದರೆ ದೇವರ ಸಾನ್ನಿಧ್ಯದ ಗುರುತಾಗಿದ್ದ ಪವಿತ್ರ ಪೆಟ್ಟಿಗೆ, ತರಿಸಿಬಿಡೋಣ, ಅದು ನಮ್ಮನ್ನು ಉಳಿಸುತ್ತೆ ಅಂದರು. ಮಂಜೂಷ ಬಂದಾಗ ಪಾಳೆಯದಲ್ಲಿ ಎಂಥಾ ಜಯಘೋಷ ಅಂದರೆ ನೆಲವೇ ನಡುಗಿತಂತೆ. ಫಿಲಿಷ್ಟಿಯರೂ ಹೆದರಿಬಿಟ್ಟರು. ಇಷ್ಟೆಲ್ಲಾ ಆಗಿ ಎರಡನೇ ಸಲ ಸತ್ತವರು 30,000. ಮಂಜೂಷವೂ ವೈರಿಗಳ ಪಾಲಾಯಿತು. ಅದನ್ನು ಕಾಯಬೇಕಿದ್ದ, ಯಾಜಕ ಏಲಿಯ ಇಬ್ಬರು ಮಕ್ಕಳು ಸತ್ತರು. ಸುದ್ದಿ ಕೇಳಿ 98 ವರ್ಷದ ಏಲಿ ಕೂತಲ್ಲಿಂದ ಹಿಂದಕ್ಕೆ ಬಿದ್ದು ಪ್ರಾಣ ಬಿಟ್ಟ.

ಮಂಜೂಷ ಸುಳ್ಳಾಗಿರಲಿಲ್ಲ. ದೇವರೂ ಸುಳ್ಳಾಗಿರಲಿಲ್ಲ. ಇವರು ದೇವರನ್ನು ಹೊತ್ತುಕೊಂಡು ಬಂದರೇ ಹೊರತು ದೇವರ ಹಿಂದೆ ಬರಲಿಲ್ಲ.

ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಪ್ರವಾದಿ ಯೆರೆಮೀಯ ದೇವಾಲಯದ ಬಾಗಿಲಲ್ಲಿ ನಿಂತು ಅದೇ ಮಾತಾಡಿದ. ಅವನ ಕಾಲದ ಜನ ಯೆಹೋವನ ಆಲಯ, ಯೆಹೋವನ ಆಲಯ, ಯೆಹೋವನ ಆಲಯ ಅಂತ ಮೂರು ಸಲ ಹೇಳಿಕೊಂಡು ಓಡಾಡುತ್ತಿದ್ದರು. ಕಳವು, ಸುಳ್ಳು ಸಾಕ್ಷಿ ಎಲ್ಲಾ ಮಾಡಿಕೊಂಡು ಬಂದು, ಆಲಯದಲ್ಲಿ ನಿಂತು, ನಾವು ಬಚಾವಾದೆವು ಅನ್ನುತ್ತಿದ್ದರು. ಯೆರೆಮೀಯ ಅವರಿಗೆ ಹೇಳಿದ್ದು: ಶೀಲೋಗೆ ಹೋಗಿ ನೋಡಿಕೊಂಡು ಬನ್ನಿ. ಅದೇ ಶೀಲೋ. ಮಂಜೂಷ ಹೊರಟುಹೋದ ಜಾಗ. ಯಾರೂ ಕೇಳಲಿಲ್ಲ. ಕ್ರಿ.ಪೂ. 586ರಲ್ಲಿ ಬಾಬೆಲಿನವರು ಆ ಆಲಯವನ್ನು ಸುಟ್ಟುಹಾಕಿದರು.

ಸುಳ್ಳು ಸಾಕ್ಷಿ ಅನ್ನುವ ಮಾತು ಆ ಪಟ್ಟಿಯಲ್ಲಿ ಇರೋದು ನಿಮಗೆ ಚುಚ್ಚುತ್ತೆ ಅಂತ ಗೊತ್ತು ಅಣ್ಣಾ. ಚುಚ್ಚಲಿ ಅಂತಲೇ ಬರೆದೆ, ಬೇಜಾರು ಮಾಡಿಕೊಳ್ಳಬೇಡಿ.

ಬಿಸಿಲುಕೋಲು:

ನಾನು ಒಪ್ಪಲ್ಲ. ಅಥವಾ ಅರ್ಧ ಮಾತ್ರ ಒಪ್ಪುತ್ತೇನೆ.

ನಾನು ಬೆಳೆದದ್ದು ಹೆದರಿಸುವ ಜನರ ನಡುವೆ. ಪ್ರತಿ ವಾರ ಬೆಂಕಿ, ಗಂಧಕ, ನರಕ. ಒಂದು ದಿನ ಪ್ರಾರ್ಥನೆ ತಪ್ಪಿದರೆ ದೇವರು ಮುಖ ತಿರುಗಿಸಿಕೊಂಡ ಅಂತ ಅಳುತ್ತಿದ್ದೆ. ಕೃಪೆ ಅಂದರೆ ಏನು ಅಂತ ಗೊತ್ತಾಗೋದಕ್ಕೆ ನನಗೆ ಮೂವತ್ತು ವರ್ಷ ಹಿಡಿಯಿತು. ಈಗ ನೀವೆಲ್ಲಾ ಸೇರಿ, ಹುಷಾರು, ಜಾಸ್ತಿ ನಂಬಿಕೊಳ್ಳಬೇಡ ಅನ್ನುತ್ತಿದ್ದೀರಿ. ಕೃಪೆಗೆ ಷರತ್ತು ಹಾಕಿದರೆ ಅದು ಕೂಲಿ ಆಗುತ್ತೆ. ನನ್ನ ಮಗಳು ನನ್ನ ಪ್ರೀತಿಯ ಬಗ್ಗೆ ಯೋಚನೆಯೇ ಮಾಡೋದಿಲ್ಲ, ಅದು ಇದ್ದೇ ಇರುತ್ತೆ ಅಂದುಕೊಂಡು ಓಡಾಡುತ್ತಾಳೆ. ನನಗೆ ಅದು ಇಷ್ಟ. ದೇವರಿಗೆ ಮಾತ್ರ ಯಾಕೆ ಇಷ್ಟ ಆಗಬಾರದು?

ದಾರಿಹೋಕ:

ಬಿಸಿಲುಕೋಲು ಅವರೇ, ಮಗಳ ಮಾತು ಮನಸ್ಸಿಗೆ ತಟ್ಟಿತು. ನೀವು ಹೇಳುವ ಹಾಗೆ ನಂಬಿಕೊಂಡು ನಿಶ್ಚಿಂತೆಯಿಂದ ಇರೋದಕ್ಕೆ ನಮ್ಮಲ್ಲಿ ಒಂದು ಒಳ್ಳೆಯ ಮಾತಿದೆ, ಸಲುಗೆ. ಮಗಳಿಗೆ ನಿಮ್ಮ ಹತ್ತಿರ ಇರೋದು ಸಲುಗೆ. ಅವಳು ನಿಮ್ಮ ಜೇಬಿಗೆ ಕೈ ಹಾಕಿ, ಅಪ್ಪ ಹೇಗೂ ಬೈಯಲ್ಲ ಅಂತ ಇನ್ನೊಬ್ಬರ ಮಗುವಿಗೆ ಸೇರಬೇಕಾದ್ದನ್ನು ಎತ್ತಿಕೊಂಡು ಹೋದರೆ ಅದು ಸದರ. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ, ಅದಕ್ಕೇ ಗುರುತು ಹಿಡಿಯೋದು ಕಷ್ಟ. ಆದರೆ ಸಲುಗೆ ಇರುವ ಮಗುವಿಗೆ ಅಪ್ಪನ ಮುಖ ಬಾಡಿದರೆ ತಡೆಯೋದಕ್ಕೆ ಆಗೋದಿಲ್ಲ. ಸದರ ಇರುವವರು ಮುಖವನ್ನೇ ನೋಡೋದಿಲ್ಲ.

ಷರತ್ತು ಹಾಕುವ ಮಾತು ನಾನು ಆಡುತ್ತಿಲ್ಲ. ಯೇಸುವಿನ ಸುವಾರ್ತೆ ಸಾರಿದ ಪೌಲನೂ ಆಡಲಿಲ್ಲ. ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದ ಕೊನೆಯಲ್ಲಿ, ಪಾಪ ಹೆಚ್ಚಿದ ಕಡೆ ಕೃಪೆ ಇನ್ನೂ ಹೆಚ್ಚಿತು ಅಂತ ಧೈರ್ಯವಾಗಿ ಬರೆದ. ಕೇಳಿದವರು ಏನು ಅಂದುಕೊಳ್ಳುತ್ತಾರೆ ಅಂತ ಅವನಿಗೆ ಗೊತ್ತಿತ್ತು. 3:8ರಲ್ಲಿ ನೋಡಿ, ಒಳ್ಳೆಯದಾಗಲಿ ಅಂತ ಕೆಟ್ಟದ್ದು ಮಾಡೋಣ ಎಂದು ಇವನು ಕಲಿಸುತ್ತಾನೆ ಅಂತ ಆಗಲೇ ಜನ ಅಪವಾದ ಹೊರಿಸಿದ್ದರು. ಆದರೂ ಅವನು ಕೃಪೆಯ ಮಾತನ್ನು ಕಮ್ಮಿ ಮಾಡಲಿಲ್ಲ. 6ನೇ ಅಧ್ಯಾಯ ಶುರು ಆಗೋದೇ ಆ ಹದಿನೇಳರ ಹುಡುಗನ ಪ್ರಶ್ನೆಯಿಂದ: ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೇ? ಅದಕ್ಕೆ ಪೌಲ, ಇದ್ದರೆ ದೇವರು ಶಿಕ್ಷೆ ಕೊಡುತ್ತಾನೆ ಅಂತ ಹೆದರಿಸಲಿಲ್ಲ. ಪಾಪದ ಪಾಲಿಗೆ ಸತ್ತ ನಾವು ಅದರಲ್ಲೇ ಬದುಕೋದು ಹೇಗೆ ಅಂತ ತಿರುಗಿ ಕೇಳಿದ. ನಾನು ಆ ಹಾಳೆಗೆ ಸಹಿ ಹಾಕುವಾಗ ಆರಾಮಾಗಿ ಬದುಕಿದ್ದೆ, ಅದೇ ನನ್ನ ದುಃಖ.

ಇನ್ನೊಂದು ಲೆಕ್ಕ ಹೇಳಿ ನಿಲ್ಲಿಸುತ್ತೇನೆ. ಮತ್ತಾಯ 18ರಲ್ಲಿ ಒಬ್ಬ ಸೇವಕನಿಗೆ ಅರಸ 10,000 ತಲಾಂತು ಸಾಲ ಬಿಟ್ಟುಬಿಡುತ್ತಾನೆ. ಒಂದು ತಲಾಂತು ಅಂದರೆ ಸುಮಾರು 6,000 ದೆನಾರಿ. ಒಂದು ದೆನಾರಿ ಅಂದರೆ ಒಬ್ಬ ಕೂಲಿಯ ಒಂದು ದಿನದ ಸಂಬಳ. ಒಟ್ಟು ಆರು ಕೋಟಿ ದಿನದ ದುಡಿಮೆ. ಒಂದು ದಿನವೂ ಬಿಡದೆ ದುಡಿದರೂ 1,60,000ಕ್ಕೂ ಹೆಚ್ಚು ವರ್ಷ ಬೇಕು. ಅಷ್ಟನ್ನೂ ಬಿಡಿಸಿಕೊಂಡು ಹೊರಗೆ ಬಂದವನು 100 ದೆನಾರಿ ಕೊಡಬೇಕಿದ್ದ ಜೊತೆಯವನ ಕುತ್ತಿಗೆ ಹಿಡಿದ. ಆರು ಲಕ್ಷದಲ್ಲಿ ಒಂದು ಪಾಲು. ನಾನು ಈ ಕಥೆಯನ್ನು ಎಷ್ಟೋ ಸಲ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆ ಸೇವಕ ನಾನೇ ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಸಂಜೆಮಲ್ಲಿಗೆ:

ನಾನು ಇಲ್ಲಿ ಸುಮ್ನೆ ಓದಿಕೊಂಡು ಹೋಗುವವಳು. ಇವತ್ತು ಬರೆಯದೆ ಇರೋದಕ್ಕೆ ಆಗಲಿಲ್ಲ.

ನಿನ್ನೆ ರಾತ್ರಿ ಇದನ್ನೆಲ್ಲಾ ಓದಿ ನಿದ್ದೆ ಬರಲಿಲ್ಲ. ಇಬ್ರಿಯರಿಗೆ 10:26 ನನ್ನನ್ನು ವರ್ಷಗಳಿಂದ ಅಟ್ಟಿಸಿಕೊಂಡು ಬರುತ್ತಿದೆ. ಸತ್ಯ ಗೊತ್ತಾದ ಮೇಲೂ ಬೇಕುಬೇಕೆಂದು ಪಾಪ ಮಾಡಿದರೆ ಇನ್ನು ಬಲಿ ಉಳಿದಿಲ್ಲ ಅನ್ನುವ ಮಾತು. ನನ್ನದು ಒಂದು ಚಟ, ಯಾವುದು ಅಂತ ಹೇಳೋದಿಲ್ಲ. ಬಿಡುತ್ತೇನೆ, ಮತ್ತೆ ಬೀಳುತ್ತೇನೆ. ಬಿದ್ದ ಪ್ರತಿ ಸಲವೂ ಗೊತ್ತಿದ್ದೇ ಬೀಳುತ್ತೇನೆ. ಮತ್ತೆ ಹೋಗಿ ಅದೇ ಮಾತು ಹೇಳಿ ಅಳುತ್ತೇನೆ. ಇದೂ ಕೃಪೆಯನ್ನು ಸಸಾರ ಮಾಡಿದ ಹಾಗಲ್ವಾ? ನನಗೆ ಇನ್ನು ಬಾಗಿಲು ಇಲ್ಲ ಅಂತಲಾ?

ಇಳಿಹೊತ್ತು:

ಸಂಜೆಮಲ್ಲಿಗೆ ಅವರೇ, ಮೊದಲು ನಿಮಗೆ ಉತ್ತರ. ಉಳಿದವರು ಕಾಯಲಿ.

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಸಭೆ ನೋಡಿಕೊಂಡು ಈಗ ನಿವೃತ್ತಿ ಆಗಿದ್ದೇನೆ. ನಿಮ್ಮ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಕೇಳಿದವರೆಲ್ಲಾ ಅಳುತ್ತಾ ಕೇಳಿದರು. ಯಾರ ಬಗ್ಗೆ ನನಗೆ ನಿಜವಾಗಿ ಭಯ ಇತ್ತೋ ಅವರು ಒಬ್ಬರೂ ಬಂದು ಕೇಳಲಿಲ್ಲಮ್ಮ.

ಆ ಇಬ್ರಿಯರ ಪತ್ರ ಮಾತಾಡುವುದು ಬಿದ್ದು ಅಳುವವರ ಬಗ್ಗೆ ಅಲ್ಲ. ಮೂರು ವಾಕ್ಯ ಮುಂದೆ ಹೋಗಿ ಓದಿ, 29ರಲ್ಲಿ ದೇವಕುಮಾರನನ್ನು ತುಳಿದು, ಆ ರಕ್ತವನ್ನು ಹೀನವೆಂದು ಎಣಿಸಿ, ಕೃಪೆಯ ಆತ್ಮನನ್ನು ತಿರಸ್ಕರಿಸುವವನ ಮಾತು ಇದೆ. ನೀವು ತುಳಿಯುತ್ತಿಲ್ಲ, ಎಡವುತ್ತಿದ್ದೀರಿ. ತುಳಿಯುವವನು ಮುಂದೆ ನಡೆದುಹೋಗುತ್ತಾನೆ, ಎಡವಿದವನು ಅಲ್ಲೇ ಬಿದ್ದಿರುತ್ತಾನೆ, ಕೈ ಚಾಚುತ್ತಾನೆ. ಯೇಸುವಿನ ಶಿಷ್ಯ ಪೇತ್ರನೂ, ಯೇಸು ಯಾರೋ ಗೊತ್ತಿಲ್ಲ ಅಂತ, ಗೊತ್ತಿದ್ದೇ ಸುಳ್ಳು ಹೇಳಿದ. ಒಂದಲ್ಲ, ಮೂರು ಸಲ, ಒಂದೇ ರಾತ್ರಿ. ಕರ್ತನು ತಿರುಗಿಕೊಂಡು ಅವನನ್ನು ನೋಡಿದ ಅಂತ ಲೂಕ ಬರೆಯುತ್ತಾನೆ. ಬೈಯಲಿಲ್ಲ, ನೋಡಿದ. ಅವನು ಹೊರಗೆ ಹೋಗಿ ಬಹಳವಾಗಿ ಅತ್ತ. ನನ್ನ ಹತ್ತಿರ ಬರುವವನನ್ನು ನಾನು ತಳ್ಳಿಬಿಡುವುದೇ ಇಲ್ಲ ಅನ್ನುವುದು ಯೋಹಾನ 6:37. ಎಷ್ಟನೇ ಸಲ ಬರುವವನು ಅಂತ ಅಲ್ಲಿ ಬರೆದಿಲ್ಲ.

ಆದರೆ ತಂದೆಯ ಹಾಗೆ ಒಂದು ಮಾತು ಹೇಳುತ್ತೇನೆ. ಒಬ್ಬರೇ ಹೋರಾಡಬೇಡಿ. ನಂಬಿಕೆಯ ಒಬ್ಬ ಹೆಣ್ಣುಮಗಳಿಗೆ ಹೇಳಿ. ಚಟದ ವಿಷಯ ಆದರೆ ವೈದ್ಯರ ಹತ್ತಿರವೂ ಹೋಗಿ. ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಮ್ಮಿ ಆಯಿತು ಅಂತ ಅಂದುಕೊಳ್ಳಬೇಡಿ, ಕೃಪೆ ಆ ದಾರಿಯಲ್ಲೂ ಬರುತ್ತೆ.

ಇನ್ನು ದಾರಿಹೋಕ ಅವರಿಗೆ. ಎಚ್ಚರಿಕೆಯ ಮಾತು ಬೇಕಾದವರು ಅದನ್ನು ಪಕ್ಕದವರಿಗೆ ದಾಟಿಸುತ್ತಾರೆ, ಬೇಡವಾದವರು ಎದೆಗೆ ಹಾಕಿಕೊಳ್ಳುತ್ತಾರೆ. ನಾನೇ ಪ್ರಸಂಗ ಮಾಡಿ ಎಷ್ಟೋ ಸಲ ಇಂಥ ಮೆತ್ತನೆಯ ಮನಸ್ಸುಗಳನ್ನು ಗಾಯ ಮಾಡಿದ್ದೇನೆ. ಆ ಹುಡುಗನಿಗೆ ಹೇಳುವಾಗ ನಿಮ್ಮ ಕಥೆ ಹೇಳಿ, ವಚನ ಎತ್ತಿ ಹೊಡೆಯಬೇಡಿ.

ನೀಲಮೇಘ:

ನಾನು ಕ್ರೈಸ್ತನಲ್ಲ, ವೈಷ್ಣವ ಮನೆಯವನು. ಮಧ್ಯೆ ಬಂದದ್ದಕ್ಕೆ ಕ್ಷಮಿಸಿ, ಆದರೆ ಇದು ನಮ್ಮಲ್ಲೂ ಇರುವ ನೋವು.

ಹರಿನಾಮ ಒಂದು ಸಲ ಹೇಳಿದರೆ ಪಾಪ ಸುಟ್ಟುಹೋಗುತ್ತೆ ಅಂತ ಕೇಳಿಕೊಂಡೇ ಬೆಳೆದವರು ನಾವು. ಅದೇ ಪರಂಪರೆ ಹತ್ತು ನಾಮಾಪರಾಧಗಳನ್ನೂ ಹೇಳುತ್ತೆ. ಪದ್ಮಪುರಾಣದ ಪಟ್ಟಿ ಅದು. ಅದರಲ್ಲಿ ಒಂದು, ನಾಮದ ಬಲ ಇದೆಯಲ್ಲ ಅಂತ ಪಾಪಕ್ಕೆ ಮನಸ್ಸು ಮಾಡುವುದು. ದಾರಿಹೋಕ ಸರ್ ಪೆನ್ನು ಹಿಡಿದು ಕಣ್ಣು ಮುಚ್ಚಿದ ಆ ಗಳಿಗೆ ಇದೆಯಲ್ಲ, ಅಕ್ಷರಕ್ಷರ ಅದೇ. ಬರೀ ಪಾಪ ಮಾಡಿದವನನ್ನು ನಾಮ ಎತ್ತುತ್ತೆ. ನಾಮವನ್ನೇ ಪಾಪಕ್ಕೆ ಆಸರೆ ಮಾಡಿಕೊಂಡವನು ಹಿಡಿದುಕೊಳ್ಳಲು ಉಳಿದಿದ್ದ ಒಂದೇ ಹಗ್ಗವನ್ನೂ ಕೊಯ್ದುಕೊಂಡ ಹಾಗೆ.

ಷರತ್ತಿನ ವಿಷಯ ಬಂತಲ್ಲ, ಶ್ರೀವೈಷ್ಣವರಲ್ಲಿ ಅದರ ಮೇಲೆ ಶತಮಾನಗಳ ಚರ್ಚೆ ಇದೆ. ಕೋತಿ ಮರಿ ತಾಯಿಯನ್ನು ತಾನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕು ಅನ್ನುವವರು ವಡಗಲೈಯವರು. ಬೆಕ್ಕಿನ ಮರಿಯನ್ನು ತಾಯಿಯೇ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತೆ, ಮರಿ ಏನೂ ಮಾಡಬೇಕಿಲ್ಲ ಅನ್ನುವವರು ತೆಂಗಲೈಯವರು. ನನಗೆ ಬೆಕ್ಕಿನ ಮಾತು ಇಷ್ಟ. ಆದರೆ ತಾಯಿ ಬಾಯಲ್ಲಿ ಕಚ್ಚಿದಾಗ ಮರಿ ಹೇಗಿರುತ್ತೆ ನೋಡಿದ್ದೀರಾ? ಮೈಯೆಲ್ಲಾ ಸಡಿಲ ಬಿಟ್ಟು ಸುಮ್ಮನೆ ತೂಗಾಡುತ್ತಿರುತ್ತೆ. ಪರಚುವ ಮರಿಯನ್ನು ಎತ್ತಿಕೊಂಡು ಹೋಗೋದು ತಾಯಿಗೂ ಕಷ್ಟ.

ಹಳೇಪುಟ:

ನೀಲಮೇಘ ಸರ್, ದಯವಿಟ್ಟು ಹೀಗೇ ಮಧ್ಯೆ ಬರುತ್ತಿರಿ.

ನೀವು ಹೇಳಿದ್ದು ಕೇಳಿ ಎರಡು ವಿಷಯ ನೆನಪಾಯಿತು. ನಾಲ್ಕನೇ ಶತಮಾನದಲ್ಲಿ ಬಹಳ ಜನ ಕ್ರೈಸ್ತರು ದೀಕ್ಷಾಸ್ನಾನವನ್ನು ಮುಂದೂಡುತ್ತಾ ಹೋಗುತ್ತಿದ್ದರು. ಆ ನೀರು ಅದುವರೆಗಿನ ಪಾಪವನ್ನೆಲ್ಲಾ ತೊಳೆಯುತ್ತೆ, ಹಾಗಾದರೆ ಸಾಯುವ ಹೊತ್ತಿಗೆ ಮಾಡಿಸಿಕೊಂಡರೆ ಆಯಿತು ಅನ್ನುವ ಲೆಕ್ಕ. ಕಾನ್‌ಸ್ಟಂಟೈನ್ ಚಕ್ರವರ್ತಿ ದೀಕ್ಷೆ ಪಡೆದದ್ದೂ 337ರಲ್ಲಿ, ಸಾವು ಹತ್ತಿರ ಬಂದ ಮೇಲೆ. ಆ ಕಾಲದ ಧರ್ಮಗುರುಗಳಾದ ನಜಿಯಾಂಜಸ್‌ನ ಗ್ರೆಗೊರಿ, ಕ್ರಿಸೋಸ್ಟಮ್ ಇಬ್ಬರೂ ಈ ಮುಂದೂಡುವ ಅಭ್ಯಾಸವನ್ನು ಎದುರಿಸಿ ಪ್ರಸಂಗ ಮಾಡಿದರು. ನೋಡಿ, ಅಷ್ಟು ಹಿಂದೆಯೇ ಕ್ಷಮೆಗೆ ದಿನ ಗೊತ್ತುಮಾಡಿಕೊಂಡು, ಅಲ್ಲಿಯವರೆಗೆ ನಮ್ಮಿಷ್ಟ ಅಂದುಕೊಂಡು ಬದುಕುವವರು ಇದ್ದರು.

ಎರಡನೆಯದು ಯೆಹೂದ್ಯರದು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ, ಮಿಷ್ನಾ ಅನ್ನುವ ಅವರ ಧರ್ಮಶಾಸ್ತ್ರದ ಸಂಗ್ರಹದಲ್ಲಿ ದೋಷಪರಿಹಾರದ ದಿನದ ಬಗ್ಗೆ ಒಂದು ಭಾಗ ಇದೆ. ಪಾಪ ಮಾಡುತ್ತೇನೆ, ಪಶ್ಚಾತ್ತಾಪ ಪಡುತ್ತೇನೆ, ಮತ್ತೆ ಪಾಪ ಮಾಡುತ್ತೇನೆ, ಮತ್ತೆ ಪಶ್ಚಾತ್ತಾಪ ಪಡುತ್ತೇನೆ ಅನ್ನುವವನಿಗೆ ಪಶ್ಚಾತ್ತಾಪ ಪಡುವ ಅವಕಾಶವೇ ಸಿಗೋದಿಲ್ಲ ಅನ್ನುತ್ತೆ. (ಸಂಜೆಮಲ್ಲಿಗೆ ಅಕ್ಕಾ, ಇದು ನಿಮಗಲ್ಲ. ಇದು ಮೊದಲೇ ಪ್ಲಾನ್ ಮಾಡಿಕೊಂಡವನಿಗೆ.) ಅದರ ಮುಂದೆಯೇ ಇನ್ನೊಂದು ಮಾತು. ಮನುಷ್ಯನಿಗೂ ದೇವರಿಗೂ ನಡುವಿನ ತಪ್ಪನ್ನು ಆ ದಿನ ಪರಿಹರಿಸುತ್ತೆ. ಮನುಷ್ಯನಿಗೂ ಮನುಷ್ಯನಿಗೂ ನಡುವಿನದನ್ನು, ಅವನು ಹೋಗಿ ಆ ಇನ್ನೊಬ್ಬನನ್ನು ಸಮಾಧಾನ ಮಾಡುವವರೆಗೆ ಪರಿಹರಿಸೋದಿಲ್ಲ.

ಯೇಸು ಹೇಳಿದ್ದೂ ಅದೇ ಅಲ್ವಾ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಹೋಗು ಅಂತ.

ಅದಕ್ಕೇ ಕೇಳುತ್ತೇನೆ ಅಣ್ಣಾ, ತಪ್ಪು ತಿಳಿಯಬೇಡಿ. ನಿಮ್ಮ ಮೊದಲನೇ ಬರಹವನ್ನು ಮೂರು ಸಲ ಓದಿದೆ. ದೇವರ ಹತ್ತಿರ ಏನು ಹೇಳಿದಿರಿ ಅಂತ ಇದೆ. ನಮ್ಮ ಹತ್ತಿರವೂ ಹೇಳಿದ್ದೀರಿ. ನಿಮ್ಮ ಕೈ ಕೆಳಗಿದ್ದ ಆ ಹುಡುಗನ ಹತ್ತಿರ ಹೋದಿರಾ?

ದಾರಿಹೋಕ:

ಇಲ್ಲ.

ಎರಡು ದಿನದಿಂದ ಈ ಒಂದು ಪದ ಬರೆದು ಅಳಿಸುತ್ತಿದ್ದೇನೆ. ಹೋಗಿಲ್ಲ ತಮ್ಮಾ. ಎಷ್ಟೋ ವರ್ಷ ಆಗಿಹೋಯಿತು, ಅವರು ಮರೆತಿರುತ್ತಾರೆ, ಸುಮ್ನೆ ಹಳೆ ಗಾಯ ಕೆರೆದ ಹಾಗೆ ಆಗುತ್ತೆ ಅಂತ ನನಗೆ ನಾನೇ ಹೇಳಿಕೊಂಡು ಬಂದೆ. ದೇವರು ಕ್ಷಮಿಸಿ ಆಯಿತಲ್ಲ, ಇನ್ನೇನು ಅಂತಲೂ ಅಂದುಕೊಂಡೆ. ಅಂದರೆ ಇವತ್ತಿಗೂ ಅದೇ ಕೃಪೆಯ ಹಿಂದೆ ಅಡಗಿಕೊಂಡಿದ್ದೇನೆ. ಒಂಬತ್ತು ವರ್ಷದ ಹಿಂದೆ ಮಾಡಿದೆ ಅಂತ ಬರೆದೆನಲ್ಲ, ಅದು ಇನ್ನೂ ನಡೆಯುತ್ತಲೇ ಇದೆ.

ಅರಸ ದಾವೀದ ಬತ್ಷೆಬೆಯನ್ನು ಬಯಸಿ ಅವಳ ಗಂಡನನ್ನು ಕೊಲ್ಲಿಸಿದ ಕಥೆಯಲ್ಲಿ, ಪ್ರವಾದಿ ನಾತಾನ ಬರುವ ಹೊತ್ತಿಗೆ ಬತ್ಷೆಬೆಗೆ ಮಗು ಹುಟ್ಟಿಯಾಗಿತ್ತು. ಅಷ್ಟೂ ತಿಂಗಳು ದಾವೀದ ಅರಸನಾಗಿಯೇ ಇದ್ದ, ನ್ಯಾಯ ತೀರಿಸುತ್ತಲೇ ಇದ್ದ. ಬಡವನ ಒಂದೇ ಕುರಿಮರಿಯನ್ನು ಶ್ರೀಮಂತ ಕಿತ್ತುಕೊಂಡ ಕಥೆಯನ್ನು ನಾತಾನ ಹೇಳಿದಾಗ, ಅಂಥವನು ಸಾಯಬೇಕು ಅಂತ ಕೋಪ ಮಾಡಿಕೊಳ್ಳುವಷ್ಟು ಚೆನ್ನಾಗಿಯೇ ಇದ್ದ. ನೀನೇ ಆ ಮನುಷ್ಯ ಅಂತ ಹೇಳೋದಕ್ಕೆ ಒಬ್ಬ ಬೇಕಾಯಿತು. ತಮ್ಮಾ, ನೀನು ಹೇಳಿದೆ.

ಮೌನಿ:

ನಾನು ಆ ಕಡೆಯವನು. ಅಂದರೆ ನನಗೆ ಒಬ್ಬರು ಅನ್ಯಾಯ ಮಾಡಿ, ವರ್ಷಗಳ ಮೇಲೆ ಬಂದು ಕ್ಷಮೆ ಕೇಳಿದ್ದರು. ಅದಕ್ಕೆ ಹೇಳುತ್ತೇನೆ.

ಅವರು ಬಂದು ಬಹಳ ಅತ್ತರು. ನಾನೇ ಅವರನ್ನು ಸಮಾಧಾನ ಮಾಡಬೇಕಾಯಿತು. ಹೋಗುವಾಗ ಅವರ ಮುಖ ಹಗುರ ಆಗಿತ್ತು, ನನ್ನ ಎದೆ ಭಾರ ಆಗಿತ್ತು. ಅವರು ತಮ್ಮ ಹೊರೆ ಇಳಿಸೋದಕ್ಕೆ ಬಂದಿದ್ದರು, ನನ್ನದನ್ನು ನೋಡೋದಕ್ಕಲ್ಲ. ಜೊತೆಗೆ ದೇವರು ಕ್ಷಮಿಸಿದ್ದಾನೆ, ನೀವೂ ಕ್ಷಮಿಸಬೇಕು ಅಂದರು. ಇಲ್ಲ ಅಂದರೆ ನಾನೇ ಕೆಟ್ಟವನು ಅನ್ನುವ ಹಾಗೆ.

ನೀವು ಹೋಗುವುದಾದರೆ ಅಳಬೇಡಿ ಸರ್. ಕ್ಷಮಿಸಿ ಅಂತ ಒತ್ತಾಯ ಮಾಡಬೇಡಿ. ಏನು ಮಾಡಿದಿರಿ ಅನ್ನೋದನ್ನು ಸುತ್ತಿ ಬಳಸದೆ ಹೇಳಿ. ಮತ್ತೆ ಕಾಗದದ ಮೇಲೆ ಮಾಡಿದ ಸುಳ್ಳನ್ನು ಕಾಗದದ ಮೇಲೇ ಸರಿಮಾಡಿ. ಬೈಬಲಿನ ಸುಂಕದವನು ಜಕ್ಕಾಯ ಬರೀ ಬಾಯಿಮಾತಿನಲ್ಲಿ ಕೇಳಲಿಲ್ಲ, ಅನ್ಯಾಯದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ.

ಇಳಿಹೊತ್ತು:

ಮೌನಿ ಅವರು ಹೇಳಿದ್ದಕ್ಕೆ ನಾನು ಸೇರಿಸೋದು ಏನೂ ಇಲ್ಲ. ದಾರಿಹೋಕ ಅವರೇ, ನಿಮಗಾಗಿ ಪ್ರಾರ್ಥಿಸುತ್ತೇನೆ. ಆ ಹುಡುಗನಿಗಾಗಿ ಮೊದಲು.

ದಾರಿಹೋಕ:

ಹನ್ನೊಂದು ದಿನ ಆಯಿತು. ಹೋಗಿ ಬಂದೆ.

ಹೋಗುವ ಮುಂಚೆ ಮೌನಿ ಅವರು ಹೇಳಿದ ಹಾಗೆ ಒಂದು ಪತ್ರ ಬರೆದೆ, ಹಳೆಯ ಕಚೇರಿಗೆ. ಏನು ನಡೆಯಿತು, ಅವರು ಯಾವಾಗ ಬಂದು ಎಚ್ಚರಿಸಿದ್ದರು, ನಾನು ಏನು ಸುಳ್ಳು ಬರೆದೆ, ಎಲ್ಲಾ. ಒಂದೂವರೆ ಪುಟ. ದೇವರ ಹೆಸರು ಅದರಲ್ಲಿ ಎಲ್ಲೂ ಹಾಕಲಿಲ್ಲ. ಹಾಕಬೇಕು ಅಂತ ಎರಡು ಸಲ ಅನ್ನಿಸಿತು, ಅಲ್ಲೂ ಅಡಗಿಕೊಳ್ಳುತ್ತಿದ್ದೇನೆ ಅಂತ ಗೊತ್ತಾಗಿ ಬಿಟ್ಟೆ.

ಅವರು ಈಗ ಹುಡುಗ ಅಲ್ಲ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿದೆ. ಬಾಗಿಲು ತೆಗೆದು "ಬನ್ನಿ ಸರ್" ಅಂದರು, ಹಿಂದೆ ಅನ್ನುತ್ತಿದ್ದ ಹಾಗೇ. ನಾನು ಕೂತು, ನೆಲ ನೋಡದೆ, ಹೇಳಬೇಕಾದ್ದನ್ನು ಹೇಳಿದೆ. ನಾಲ್ಕು ನಿಮಿಷವೂ ಆಗಲಿಲ್ಲ. ಅವರಿಗೆ ಸುಳ್ಳಿನ ವಿಷಯ ಮೊದಲೇ ಗೊತ್ತಿತ್ತಂತೆ, ಯಾರೋ ಆಗಲೇ ಹೇಳಿದ್ದರಂತೆ.

ಆಮೇಲೆ ಅವರು ಒಂದು ಮಾತು ಹೇಳಿದರು. ಅವತ್ತು ನನ್ನ ಕೋಣೆಯ ಗಾಜಿನ ಆಚೆ ಅವರು ನಿಂತಿದ್ದರಂತೆ. ನಾನು ಪೆನ್ನು ಹಿಡಿದು ಕಣ್ಣು ಮುಚ್ಚಿದ್ದನ್ನು ನೋಡಿದರಂತೆ.

"ನೀವು ನನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀರಾ ಅಂದ್ಕೊಂಡೆ ಸರ್" ಅಂದರು. "ಅವತ್ತು ಮನೆಗೆ ಹೋಗಿ ಅಮ್ಮನಿಗೂ ಹೇಳಿದ್ದೆ. ನಮ್ಮ ಸರ್ ನಮ್ಮ ಕಡೆ ಇದ್ದಾರೆ, ಹೆದರಬೇಡ ಅಂತ."

ನನಗೆ ಅಳು ಬಂತು. ಮೌನಿ ಅವರ ಮಾತು ನೆನಪಾಗಿ ತಡೆದುಕೊಂಡೆ. ಪತ್ರ ಕೊಟ್ಟೆ. ಅವರು ನಿಧಾನವಾಗಿ ಓದಿದರು, ಒಂದು ಕಡೆ ತಿಂಗಳು ತಪ್ಪಾಗಿತ್ತು, ಅದನ್ನು ತೋರಿಸಿದರು. ಅಲ್ಲೇ ತಿದ್ದಿದೆ. "ಇದನ್ನ ಕಳಿಸಿ ಸರ್" ಅಂದರು. ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಾಗಿಲವರೆಗೆ ಬಂದರು.

ಪತ್ರ ಮರುದಿನವೇ ಕಳಿಸಿದೆ. ಈ ಭಾನುವಾರ ಆ ಹದಿನೇಳರ ಹುಡುಗನ ಪಕ್ಕ ಕೂತಿದ್ದೆ. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡಬೇಕು, ಪ್ರಾರ್ಥನೆ ಮುಗಿದ ಮೇಲೆ ಒಂದು ಹತ್ತು ನಿಮಿಷ ಇರು ಅಂದೆ. ಇದ್ದ.

ಸಂಜೆಮಲ್ಲಿಗೆ:

ಅಣ್ಣಾ, ಓದಿದೆ. ನಾನೂ ನಿನ್ನೆ ಒಬ್ಬರಿಗೆ ಹೇಳಿದೆ. ನಾಳೆ ಅವರ ಜೊತೆ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.